ಮುಂಗಡ ಬರೆದ ಮಂಗಳವಾರ

ಕಟ್ಟಡದವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಲಿಫ್ಟ್ ಮಾವ ಎಂದು. ಮೂವತ್ತನಾಲ್ಕು ವರ್ಷ ಊರಿನ ಲಿಫ್ಟುಗಳನ್ನು ರಿಪೇರಿ ಮಾಡಿ ನಿವೃತ್ತರಾದವರು. ಅವರು ಮೂರನೆಯ ಮಹಡಿಯಲ್ಲಿದ್ದ ಕಟ್ಟಡಕ್ಕೆ ಮಾತ್ರ ಲಿಫ್ಟ್ ಇರಲಿಲ್ಲ. ಮಂಡಿನೋವಿನ ಹೆಂಡತಿ ಮೆಟ್ಟಿಲಿಳಿಯುವುದನ್ನೇ ಬಿಟ್ಟಿದ್ದರು, ಊರಿಗೆಲ್ಲ ಏಣಿ ಹಾಕಿದವರ ಮನೆ ಅಟ್ಟದ ಮೇಲೆ ಎಂದು ಆಗಾಗ ಚುಚ್ಚುತ್ತಿದ್ದರು.

ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಒಂದು ಸಲ ಮೇಲೆ ಹೋಗಿ ಕೆಳಗೆ ಬಂದರೆ ಯಾವ ಗಾಲಿ ಸವೆದಿದೆ, ಯಾವ ಹಗ್ಗ ಸಡಿಲವಾಗಿದೆ ಎಂದು ಕಿವಿಯಿಂದಲೇ ಹೇಳಬಲ್ಲವರು. ಬರವಣಿಗೆಯ ವಿಷಯ ಬೇರೆ. ಪ್ರತಿ ಕಟ್ಟಡದ ಯಂತ್ರದ ಕೋಣೆಯಲ್ಲಿ ಒಂದು ಕಾರ್ಡು ತೂಗುತ್ತಿತ್ತು. ಬ್ರೇಕು, ಬಾಗಿಲು, ಹಗ್ಗ, ಗಂಟೆ ಎಲ್ಲವನ್ನೂ ವಾರವಾರ ನೋಡಿ, ‘ತೃಪ್ತಿಕರ’ ಎಂದು ಬರೆದು ಸಹಿ ಹಾಕಬೇಕು. ಅವರು ತಿಂಗಳ ಮೊದಲ ವಾರವೇ ನಾಲ್ಕು ವಾರದ್ದನ್ನೂ ಬರೆದು ಕೈತೊಳೆದುಕೊಳ್ಳುತ್ತಿದ್ದರು. ತಪಾಸಣೆಯನ್ನು ಎಂದೂ ತಪ್ಪಿಸಲಿಲ್ಲ. ಕಾರ್ಡನ್ನು ಎಂದೂ ಯಾರೂ ಓದಲಿಲ್ಲ. ಬರೆಯುವುದೆಂದರೆ ಮೇಲಿನವರ ಬಾಯಿ ಮುಚ್ಚಿಸುವ ಕೆಲಸ ಎಂಬ ತಿಳಿವಳಿಕೆಯಲ್ಲೇ ಅವರಿಗೆ ಅರವತ್ತು ತುಂಬಿತು.

ನಿವೃತ್ತಿಯ ಮೇಲೆ ಅವರಿಗೆ ಒಪ್ಪಿಸಿದ್ದು ಒಂದೇ ಕೆಲಸ: ಮೊಮ್ಮಗಳನ್ನು ಮೂರೂವರೆಗೆ ಶಾಲೆಯಿಂದ ಕರೆತರುವುದು. ಮಗಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದಳು, ಆರು ಗಂಟೆಯ ತನಕ ಬಿಡುವಿಲ್ಲ. ಅಳಿಯನ ಕೆಲಸ ಬೇರೆ ಊರಿನಲ್ಲಿ, ಮಗಳೂ ಮೊಮ್ಮಗಳೂ ಇವರ ಮನೆಯಲ್ಲೇ ಇದ್ದರು. ಮೂರು ವಾರ ಎಲ್ಲ ಸರಿಯಾಗಿ ನಡೆಯಿತು. ಒಂದು ದಿನ ಮಧ್ಯಾಹ್ನ ಮಲಗಿದವರಿಗೆ ಎಚ್ಚರವಾದದ್ದು ನಾಲ್ಕೂ ಇಪ್ಪತ್ತಕ್ಕೆ. ಹೊರಟಿರಬಹುದೆಂದು ತಿಳಿದು ಹೆಂಡತಿಯೂ ಅಡುಗೆಮನೆಯಿಂದ ಬಂದು ನೋಡಿರಲಿಲ್ಲ. ಆರು ವರ್ಷದ ಮಗು ಗೇಟಿನ ಬಳಿ ಒಂಟಿಯಾಗಿ ನಿಂತಿತ್ತು. ಕಾವಲುಗಾರ ಫೋನ್ ಮಾಡಿದ್ದರಿಂದ ಮಗಳೇ ಕೆಲಸ ಬಿಟ್ಟು ಓಡಿದ್ದಳು. ಸಂಜೆ ಇವರು, ದಾರಿಯಲ್ಲಿ ರಸ್ತೆ ಮುಚ್ಚಿತ್ತು ಎಂದರು.

“ಯಾವ ರಸ್ತೆ ರೀ?” ಎಂದರು ಹೆಂಡತಿ. “ಹಾಸಿಗೆಯಿಂದ ಬಾಗಿಲಿಗೆ ಹೋಗೋ ರಸ್ತೆನಾ?”

ಮಗಳು ವ್ಯಾನು ಗೊತ್ತುಮಾಡಿದಳು; ಮನೆಯ ಮುಂದೆ ಇಳಿಸಿದರೆ ಮಗುವನ್ನು ಕರೆದುಕೊಳ್ಳಲು ಅಮ್ಮ ಮೆಟ್ಟಿಲಿಳಿಯುವಂತಿರಲಿಲ್ಲ. ಮರುದಿನದಿಂದ ಶಾಲೆಯ ವ್ಯಾನು ಮಗುವನ್ನು ಲ್ಯಾಬಿನ ಮುಂದೆ ಇಳಿಸತೊಡಗಿತು. ರಕ್ತ ಕೊಡಲು ಬಂದವರು ಕೂರುವ ಬೆಂಚಿನಲ್ಲಿ ಅದು ಆರರ ತನಕ ಕೂತಿರಬೇಕು. ಒಳಗಿನಿಂದ ಯಾವುದಾದರೂ ಮಗುವಿನ ಅಳು ಕೇಳಿದರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿತ್ತು.

ಹತ್ತು ದಿನ ಕಳೆದ ಮೇಲೆ ಲಿಫ್ಟ್ ಮಾವ ಮಗಳ ಮುಂದೆ ನಿಂತು ಇನ್ನೊಂದು ಅವಕಾಶ ಕೇಳಿದರು. ಅಭ್ಯಾಸ ತಿದ್ದಿಕೊಳ್ಳಲು ಮೂವತ್ತು ದಿನ ದಿನಕ್ಕೊಂದು ಪುಟ ಬರೆಯುವ ಪಂಥ ಲ್ಯಾಬಿನವರಲ್ಲಿ ಆಗ ನಡೆದಿತ್ತು. ಮಗಳು ಒಂದು ನೋಟ್‌ಬುಕ್ ತಂದಿಟ್ಟಳು. “ದಿನಾ ಏನು ಮಾಡಿದೆ ಅಂತ ಬರಿ ಅಪ್ಪ. ಮಧ್ಯಾಹ್ನ ಎಚ್ಚರ ಇರೋದು ರೂಢಿ ಆಗ್ಲಿ. ಆಮೇಲೆ ಪುಟ್ಟಿ ವಿಷಯ ನೋಡೋಣ.”

ಅವರು ಅಡಿಪಟ್ಟಿ ಹಿಡಿದು ಪುಟದಲ್ಲಿ ಹಳೆಯ ಕಾರ್ಡಿನಂತೆಯೇ ಚೌಕದ ಮನೆಗಳನ್ನು ಎಳೆದರು. ಬೆಳಗಿನ ನಡಿಗೆ: ತೃಪ್ತಿಕರ. ಊಟ: ತೃಪ್ತಿಕರ. ಮಧ್ಯಾಹ್ನದ ನಿದ್ದೆ: ಇಲ್ಲ. ಮೂರನೆಯ ದಿನ ಕೂತಾಗ, ಹೇಗೂ ಕೂತದ್ದಾಯಿತು ಎಂದು ಮುಂದಿನ ವಾರದ್ದನ್ನೂ ಸೇರಿಸಿಯೇ ಎದ್ದರು. ಎಲ್ಲ ಪುಟವೂ ಒಂದೇ ಥರ ಕಂಡೀತೆಂದು ನಡುವೆ ಸ್ವಲ್ಪ ಹವಾಮಾನವನ್ನೂ ಹಾಕಿದರು.

ಶನಿವಾರ ಮಗಳು ಪುಸ್ತಕ ತೆರೆದಳು. ಪುಟ ಮಗುಚುತ್ತಾ ಹೋಗಿ ಒಂದು ಕಡೆ ನಿಂತಳು.

“ಮಂಗಳವಾರ ಮಳೆ ಬಂತಾ ಅಪ್ಪ?”

“ಹ್ಞೂಂ, ಜೋರಾಗೇ ಬಂತು.”

“ಈ ಮಂಗಳವಾರ ಬರೋಕೆ ಇನ್ನೂ ಮೂರು ದಿನ ಇದೆ.”

ಅಡುಗೆಮನೆಯಲ್ಲಿ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಮಗಳು ನಗಲಿಲ್ಲ. ಪುಸ್ತಕ ಮುಚ್ಚಿ ಅವರ ಕೈಗಿಟ್ಟಳು. “ಇನ್ಮೇಲೆ ಇದನ್ನ ನನಗೆ ತೋರಿಸ್ಬೇಡ. ನಾನು ಓದಲ್ಲ.”

ಎರಡು ದಿನ ಅವರು ಪುಸ್ತಕ ಮುಟ್ಟಲಿಲ್ಲ. ಮೂರನೆಯ ದಿನ ಸಂಜೆ ತಿಂಡಿಯ ಡಬ್ಬಿ ಹಿಡಿದು ಲ್ಯಾಬಿಗೆ ಹೋದರು. ಮೊಮ್ಮಗಳು ಬೆಂಚಿನಿಂದ ಏಳಲಿಲ್ಲ. ತೋಳಿಗೆ ಹತ್ತಿ ಒತ್ತಿಕೊಂಡು ಹೊರಬರುವವರನ್ನು ಎಣಿಸುತ್ತಿದ್ದಳು, ಇಪ್ಪತ್ತೇಳು ಜನ ಆಗಿದ್ದರು. ಲಿಫ್ಟ್ ಮಾವ ಮನೆಗೆ ಬಂದವರೇ ಹಳೆಯ ಪುಟಗಳ ಮೇಲೆ ಗೆರೆ ಎಳೆದರು. ಓದುವವರಿಲ್ಲದ ಮೇಲೆ ಯಾರ ಬಾಯಿ ಮುಚ್ಚಿಸುವ ಅಗತ್ಯವೂ ಇರಲಿಲ್ಲ. ಹೊಸ ಪುಟದಲ್ಲಿ ಬರೆದರು: ‘ಇಂದು 1.40ಕ್ಕೆ ಮಲಗಿದೆ. 4.10ಕ್ಕೆ ಎದ್ದೆ. ಇಂದೂ ನನ್ನನ್ನೇ ನಂಬಿದ್ದರೆ ಮಗು ಗೇಟಿನಲ್ಲಿ ನಿಂತಿರುತ್ತಿತ್ತು. ಅವತ್ತು ಯಾವ ರಸ್ತೆಯೂ ಮುಚ್ಚಿರಲಿಲ್ಲ.’

ಮಲಗದಿರಲು ಅವರು ಮಾಡದ ಸಾಹಸವಿಲ್ಲ. ಮುಖ ತೊಳೆದರು, ಅಲಾರಂ ಇಟ್ಟರು, ಬೆನ್ನಿಲ್ಲದ ಸ್ಟೂಲಿನ ಮೇಲೆ ಕೂತರು. ಸ್ಟೂಲಿನ ಮೇಲೆಯೇ ತೂಕಡಿಸಿ ಗೋಡೆಗೆ ಹಣೆ ಬಡಿಸಿಕೊಂಡರು. ಹನ್ನೊಂದು ದಿನ ಸೋತರು, ಹನ್ನೊಂದನ್ನೂ ಗಂಟೆ ನಿಮಿಷ ಸಹಿತ ಬರೆದರು. ಗೇಟಿನ ಮಾತನ್ನು ಒಂದು ಪುಟದಲ್ಲೂ ಬಿಡಲಿಲ್ಲ. ಹನ್ನೆರಡನೆಯ ದಿನ ಕಣ್ಣೆವೆ ಭಾರವಾಗಲೇ ಇಲ್ಲ.

ಕೆಟ್ಟ ಲಿಫ್ಟು ಒಮ್ಮೆ ತಾನಾಗಿ ಓಡಿದರೆ ಮೆಕ್ಯಾನಿಕ್ಕು ಸಂತೋಷಪಡುವುದಿಲ್ಲ, ಕಾರಣ ಹುಡುಕುತ್ತಾನೆ. ಅವರು ಹಿಂದಿನ ಪುಟಗಳನ್ನು ಮುಂದಿಟ್ಟುಕೊಂಡು ಆ ದಿನ ಬೇರೆಯಾದದ್ದೇನು ಎಂದು ನೋಡಿದರು. ಊಟ ಅದೇ, ನಡಿಗೆ ಅದೇ. ವೈದ್ಯರು ಕೊಟ್ಟಿದ್ದ ತುರಿಕೆಯ ಮಾತ್ರೆ ಮಾತ್ರ ಹಿಂದಿನ ದಿನ ಮುಗಿದಿತ್ತು. ಹೊಸ ಮಾತ್ರೆ ಕೊಡುವಾಗ ಔಷಧಿ ಅಂಗಡಿಯವನು ಚೀಟಿ ನೋಡಿ, ಇದು ನಿದ್ದೆ ತರಿಸುತ್ತದೆ, ಅದಕ್ಕೇ ರಾತ್ರಿ ಊಟದ ಮೇಲೆ ಎಂದು ಬರೆದಿದ್ದಾರೆ ಎಂದ. ರಾತ್ರಿ ಮರೆತುಬಿಟ್ಟರೆ ಎಂದು ಅದನ್ನು ಇವರು ರಕ್ತದೊತ್ತಡದ ಮಾತ್ರೆಯ ಜೊತೆ ಮಧ್ಯಾಹ್ನವೇ ನುಂಗಿ ಮುಗಿಸುತ್ತಿದ್ದರು. ಗೇಟಿನ ಘಟನೆ ನಡೆದ ದಿನವೇ ಅದನ್ನು ಶುರುಮಾಡಿದ್ದರು.

“ನಾಳೆ ಊಟಾನೂ ಇವತ್ತೇ ಮಾಡ್ಬಿಡಿ, ಒಂದು ಕೆಲಸ ಮುಗೀತು,” ಎಂದರು ಹೆಂಡತಿ. ಆದರೆ ಅಂದಿನಿಂದ ಆ ಮಾತ್ರೆಯನ್ನು ತಮ್ಮ ಹತ್ತಿರವೇ ಇಟ್ಟುಕೊಂಡು ರಾತ್ರಿ ಕೊಡತೊಡಗಿದರು.

ಮೂವತ್ತನೆಯ ಪುಟವಾದ ಮೇಲೆ ಅವರು ಮಾತ್ರೆಯ ವಿಷಯವನ್ನು ಮಗಳಿಗೆ ಹೇಳಿದರು. ಅವಳು ಬಾಯಿಮಾತನ್ನು ನಂಬುವ ಸ್ಥಿತಿಯಲ್ಲಿರಲಿಲ್ಲ. ಪುಸ್ತಕ ಕೇಳಿದಳು. ಅವರು ಕೊಡಲು ಹಿಂದೆಮುಂದೆ ನೋಡಿದರು, ಕೊನೆಗೆ ಕೊಟ್ಟರು. ಕೈಚೀಲವನ್ನೂ ಕೆಳಗಿಡದೆ ನಿಂತೇ ಓದಿದಳು. ಮಾತ್ರೆಯ ಪುಟ ಬೇಗ ಮುಗಿಯಿತು, ಅದಕ್ಕೂ ಹಿಂದಿನ ಹನ್ನೊಂದು ಪುಟಗಳಿಗೆ ಬಹಳ ಹೊತ್ತು ಹಿಡಿಯಿತು.

“ಗೇಟಿನ ಮಾತನ್ನ ಇಷ್ಟು ಸಲ ಯಾಕೆ ಬರೆದೆ? ಇದನ್ನ ಓದಿದ್ರೆ ನಾನು ಪುಟ್ಟೀನ ಕಳಿಸ್ತೀನಾ?”

“ನೀನು ಓದಲ್ಲ ಅಂದಿದ್ಯಲ್ಲ.”

ಅವಳು ಪುಸ್ತಕ ಮಡಚಿ ಮೇಜಿನ ಮೇಲಿಟ್ಟಳು. “ಬುಧವಾರ ನೀನು ಹೋಗು. ಅದೊಂದೇ ದಿನ. ಉಳಿದದ್ದು ಆಮೇಲೆ.”

ಬುಧವಾರ ಅವರು ಮೂರಕ್ಕೇ ಹೋಗಿ ನಿಂತರು. ಮಗು ಹೊರಬಂದು, ಚೀಲವನ್ನು ಅವರ ಹೆಗಲಿಗೆ ಹಾಕುವಷ್ಟರಲ್ಲಿ ಫೋನ್ ಬಂತು. ಸಿಕ್ಕಿದಳಾ ಎಂದು ಮಗಳು ಕೇಳಿದಳು.

“ಇಲ್ಲೇ ಇದ್ದಾಳೆ. ತಡಿ, ಅವಳ ಕೈಗೇ ಕೊಡ್ತೀನಿ, ಕೇಳು.”

“ಬೇಡ ಅಪ್ಪ. ನೀನು ಹೇಳಿದ್ಯಲ್ಲ, ಸಾಕು,” ಎಂದು ಅವಳು ಫೋನ್ ಇಟ್ಟಳು.

ಅಮ್ಮನ ಜೊತೆ ಮಾತಾಡಲು ಕೊಡಲಿಲ್ಲವೆಂದು ಮೊಮ್ಮಗಳು ಮನೆ ಮುಟ್ಟುವ ತನಕ ಮುಖ ಊದಿಸಿಕೊಂಡೇ ನಡೆದಳು.