ಆರಾಮ ಎಂದುಬಿಟ್ಟೆ
ಎಂಟು ವರ್ಷದ ಹಿಂದೆ, ನನಗೆ ಐವತ್ತೆಂಟಾಗಿದ್ದಾಗ, ಅಂಗವಿಕಲರ ಮಾಸಾಶನಕ್ಕೆ ಬೇಕಾದ ಸರ್ಟಿಫಿಕೇಟಿಗಾಗಿ ತಾವರಗೇರಾದಿಂದ ಕೊಪ್ಪಳದ ಆಸ್ಪತ್ರೆಗೆ ಹೋದೆ. ಹುಟ್ಟಿದಾಗಿನಿಂದ ನನ್ನ ಎಡಗಾಲು ಸೊಟ್ಟ.

ಡಾಕ್ಟರು, "ಹೆಂಗದೀರಿ ಅಮ್ಮಾ?" ಎಂದರು.

ಯಾರು ಕೇಳಿದರೂ ಹೇಳುವಂತೆ, "ಆರಾಮ ಅದೀನ್ರಿ" ಎಂದುಬಿಟ್ಟೆ.

"ಕಾಲಿಗೆ ತ್ರಾಸ?"

"ಏನಿಲ್ರಿ, ಛಲೋ ಐತಿ."

ಅವರು ಅದನ್ನೇ ಬರೆಯಹೊರಟರು. ಪಕ್ಕದಲ್ಲಿದ್ದ ನರ್ಸಮ್ಮ ನನ್ನನ್ನು ಗದರಿದಳು. "ಏ ಯವ್ವಾ, ಬೀಗರ ಮನಿಗೆ ಬಂದೀಯೇನು? ಆರಾಮ ಅಂದ್ರ ಸರಕಾರದ ಪಗಾರ ಬರಂಗಿಲ್ಲ. ಸೀರಿ ಎತ್ತಿ ನಡದು ತೋರ್ಸು!"

ನಾಚಿಕೆ ಬಿಟ್ಟು ನಡೆದೆ. ಡಾಕ್ಟರು ನಕ್ಕು, ಕಾಲು ಅಳೆದು, ಸರ್ಟಿಫಿಕೇಟಿಗೆ ಸಹಿ ಹಾಕಿದರು. ಅವಳು ಬೈಯದಿದ್ದರೆ ಬರಿಗೈಯಲ್ಲಿ ಬರುತ್ತಿದ್ದೆ. ಇವತ್ತಿಗೂ ಆ ಮಾಸಾಶನದಿಂದಲೇ ಉಣ್ಣುತ್ತೇನೆ.

ಸಹಿಯಾದ ಮರುದಿನ ಬೆಳಿಗ್ಗೆ ನಾಲ್ಕು ಸಜ್ಜೆ ರೊಟ್ಟಿ ಬಡಿದು, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು, ಆ ನರ್ಸಮ್ಮನಿಗೆ ಕೊಡಲು ಮತ್ತೆ ಕೊಪ್ಪಳದ ಬಸ್ಸು ಹತ್ತಿದೆ.