ಹಂಚು ಇಟ್ಟೀನಿ, ಎದ್ದೀರೇನ್ರವ್ವಾ?

ಬೆಳಗಿನ ಐದು ಗಂಟೆ. ಬಳ್ಳಾರಿಯ ಪಾರ್ವತಿನಗರದ ಹಿಂದಿನ ಓಣಿಯಲ್ಲಿ ಒಂದು ಒಲೆ ಆಗಲೇ ಹೊತ್ತಿಕೊಂಡಿದೆ. ಅಕ್ತರಬಿ ಹಂಚಿನ ಮೇಲೆ ಎರಡು ಹನಿ ನೀರು ಚಿಮುಕಿಸುತ್ತಾರೆ. ಅದು ಚುರ್ ಎನ್ನುತ್ತದೆ. ಕೂಡಲೇ ಸೆರಗಿನಿಂದ ಕೈ ಒರೆಸಿಕೊಂಡು ಮೊಬೈಲನ್ನು ಬಾಯಿಯ ಹತ್ತಿರ ಹಿಡಿಯುತ್ತಾರೆ.

“ಹಂಚು ಇಟ್ಟೀನಿ, ಎದ್ದೀರೇನ್ರವ್ವಾ?”

ಜೋಳದ ಹಿಟ್ಟು ನಾದಿ ಸಿದ್ಧವಾಗಿದೆ, ಹಂಚು ಕಾದಿದೆ. ಆದರೂ ಅವರು ಮೊದಲ ರೊಟ್ಟಿ ಬಡಿಯುವುದಿಲ್ಲ. ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಹಿಡಿದು ಸುಮ್ಮನೆ ಕೂರುತ್ತಾರೆ. ಮೊಬೈಲ್ ಟಿಂಗ್ ಎನ್ನುತ್ತದೆ: ಕುರುಗೋಡಿನಿಂದ ಬಳೆಯ ಸದ್ದಿನ ಜೊತೆ ಒಂದು ದೊಡ್ಡ ಆಕಳಿಕೆ. ಮತ್ತೊಂದು ಟಿಂಗ್: ತೆಕ್ಕಲಕೋಟೆಯಿಂದ “ಎದ್ದೀನಿ, ಬೆಕ್ಕು ಹಾಲು ಕುಡದೈತಿ” ಎಂಬ ದೂರು. ಅಕ್ತರಬಿ ನಗುತ್ತಾರೆ, ಆದರೆ ಉಂಡೆ ಮಾತ್ರ ಅಂಗೈಯಲ್ಲೇ ಇದೆ. ಆಮೇಲೆ ಬರುತ್ತದೆ ಒಂದು ನಿಧಾನದ ದನಿ: “ಎದ್ದೀನಿ ಯಕ್ಕಾ. ಹಲ್ಲು ತಿಕ್ಕಾಕತ್ತೀನಿ.”

“ಕರೂರು ಬಂತು” ಎನ್ನುತ್ತಾರೆ ಅಕ್ತರಬಿ. ಆಗ ಶುರುವಾಗುತ್ತದೆ ನೋಡಿ, ಪಟಪಟ ಸದ್ದು.

ನಲವತ್ತಾರು ವರ್ಷದ ಈ ಹೆಂಗಸು ದಿನಕ್ಕೆ ನೂರ ಎಂಬತ್ತು ರೊಟ್ಟಿ ಬಡಿಯುತ್ತಾರೆ. ಮುಕ್ಕಾಲು ಪಾಲು ಚಿದಾನಂದಪ್ಪನವರ ಖಾನಾವಳಿಗೆ, ಉಳಿದದ್ದು ಆಸುಪಾಸಿನ ಮನೆಗಳಿಗೆ. ಹತ್ತು ಗಂಟೆಯ ಹೊತ್ತಿಗೆ ಭುಜ ಕಲ್ಲಾಗಿರುತ್ತದೆ. ಊಟದ ತಟ್ಟೆಯಲ್ಲಿ ಆ ರೊಟ್ಟಿ ಮುರಿಯುವ ನಾವು ಯಾರೂ ಬಡಿದವರ ಹೆಸರು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ, ಮೂರು ವರ್ಷ ಆ ಖಾನಾವಳಿಯಲ್ಲೇ ಉಂಡಿದ್ದೇನೆ. ಆದರೆ ನಾನು ಬರೆಯಲು ಬಂದದ್ದು ರೊಟ್ಟಿಯ ಬಗ್ಗೆ ಅಲ್ಲ. ಈ ಒಲೆಯ ಮುಂದೆ ಕೂತು ಅವರು ಇನ್ನೊಂದು ಕೆಲಸ ಮಾಡುತ್ತಾರೆ. ಅದಕ್ಕೆ ಹೆಸರೂ ಇಲ್ಲ, ಕೂಲಿಯೂ ಇಲ್ಲ.

ಆ ಕೆಲಸ ಹುಟ್ಟಿದ್ದು ಒಂದು ಗುಲಾಬಿ ಹೂವಿನ ತಪ್ಪಿನಿಂದ. ಅಕ್ತರಬಿಗೆ ಓದು ಬರುವುದಿಲ್ಲ. ಮೊಬೈಲಿನಲ್ಲಿ ಯಾರು ಯಾರು ಎನ್ನುವುದನ್ನು ಅವರು ಚಿತ್ರ ನೋಡಿಯೇ ಗುರುತಿಸುವುದು. ಆದೋನಿಗೆ ಕೊಟ್ಟ ತಂಗಿ ಇರ್ಫಾನಾ ಅಂದರೆ ಕೆಂಪು ಗುಲಾಬಿ. ನಾಲ್ಕು ವರ್ಷದ ಹಿಂದೆ ಗಂಡ ಮಾಬುಸಾಬ್ ಎದೆನೋವಿನಿಂದ ತೀರಿಕೊಂಡರು. ಮನೆಗೆ ಬಂದ ನೆಂಟರೆಲ್ಲ ಹೊರಟುಹೋದ ಮೇಲೆ ಒಂದು ಮಧ್ಯಾಹ್ನ ಅಕ್ತರಬಿ ಗುಲಾಬಿಯನ್ನು ತೆರೆದು, ದನಿ ಕಳಿಸುವ ಗುಂಡಿ ಒತ್ತಿ ಹಿಡಿದು ಹನ್ನೊಂದು ನಿಮಿಷ ಅತ್ತರು. ಹೇಳಬೇಕಾದ್ದು, ಹೇಳಬಾರದ್ದು ಎಲ್ಲವನ್ನೂ ಹೇಳಿದರು. ಆದರೆ ತಂಗಿ ಅಷ್ಟರಲ್ಲಿ ಗುಲಾಬಿ ತೆಗೆದು ಮಗುವಿನ ಫೋಟೋ ಹಾಕಿಕೊಂಡಿದ್ದಳು. ಉಳಿದಿದ್ದ ಗುಲಾಬಿ ಕುರುಗೋಡಿನ ಕೊಟ್ರಮ್ಮನದು. ಬಳೆ ಅಂಗಡಿಯ ಕೊಟ್ರಮ್ಮ ಹಿಂದೆ ಒಮ್ಮೆ ಫೋನಿನಲ್ಲೇ ರೊಟ್ಟಿ ಹೇಳಿ ತರಿಸಿಕೊಂಡಿದ್ದರು, ಅಷ್ಟೇ ಪರಿಚಯ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. “ಯಕ್ಕಾ, ನಾ ನಿಮ್ಮ ತಂಗಿ ಅಲ್ಲರಿ. ಆದ್ರ ಪೂರಾ ಕೇಳೀನಿ. ಉಂಡೀರೇನು?”

“ನನಗ ನಾಚಿಕಿ ಆಗಿ ಫೋನು ಹಿಟ್ಟಿನ ಡಬ್ಬಿ ಹಿಂದ ಬಚ್ಚಿಟ್ಟೆ ನೋಡ್ರಿ” ಎಂದು ಅಕ್ತರಬಿ ಈಗ ನಗುತ್ತಾರೆ. “ಸಂಜಿಮುಂದ ತಗದು ಇನ್ನೊಂದ್ಸಲ ಕೇಳಿದೆ. ಅಳಬ್ಯಾಡ ಅಂತ ಎಲ್ಲಾರೂ ಹೇಳಿದ್ರು. ಉಂಡೀರೇನು ಅಂತ ಕೇಳಿದಾಕಿ ಆಕಿ ಒಬ್ಬಾಕೀನ. ನಾ ಉಂಡಿದ್ದಿಲ್ಲ. ಎದ್ದು ಉಂಡೆ.”

ಕೊಟ್ರಮ್ಮ ಕೂಡ ಒಡಹುಟ್ಟಿದ ತಮ್ಮನನ್ನು ಕಳೆದುಕೊಂಡವರು ಎಂಬುದು ವಾರದ ಮೇಲೆ ಗೊತ್ತಾಯಿತು. ಇಬ್ಬರು ನಾಲ್ವರಾದರು, ನಾಲ್ವರು ಹತ್ತಾದರು. ಅಕ್ತರಬಿಯ ಮಗಳು ಸುಹಾನಾ ಒಂದು ಗುಂಪು ಮಾಡಿಕೊಟ್ಟಳು. ಈಗ ಮೂವತ್ತೊಂದು ಹೆಂಗಸರಿದ್ದಾರೆ. ಈ ಫೆಬ್ರುವರಿಯವರೆಗೆ ಯಾರೂ ಯಾರ ಮುಖವನ್ನೂ ನೋಡಿರಲಿಲ್ಲ. ಇಲ್ಲಿ ಅಕ್ಷರಕ್ಕೆ ಜಾಗವಿಲ್ಲ, ಎಲ್ಲವೂ ದನಿಯಲ್ಲೇ. ಶುಭೋದಯದ ಹೂವು, ದೇವರ ಪಟ, ಬೇರೆಯವರ ವಿಡಿಯೋ ಕಳಿಸುವಂತಿಲ್ಲ. ಅಳುವವರನ್ನು ತಡೆಯುವಂತಿಲ್ಲ, ಕೇಳಿ ಮುಗಿಸಿ “ಉಂಡೀರೇನು” ಅನ್ನಬೇಕು. ಸುಖವನ್ನೂ ಹಾಗೇ ಹಂಚಿಕೊಳ್ಳುತ್ತಾರೆ: ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದ್ದು, ತಗಡಿನ ಮೇಲೆ ಬಿದ್ದ ಮೊದಲ ಮಳೆಯ ಸದ್ದು, ಸೊಸೆ ಮೊದಲ ಸಲ “ಅತ್ತಿ, ಚಹಾ ಚಲೋ ಐತಿ” ಅಂದದ್ದು. ಒಬ್ಬರು ಹಪ್ಪಳ ಮುರಿಯುವ ಸದ್ದನ್ನು ಮಾತ್ರ ಕಳಿಸಿದ್ದರಂತೆ. ಹದಿನೆಂಟು ಜನ ಬಾಯಲ್ಲಿ ನೀರು ಬಂತೆಂದು ಬೈದರಂತೆ.

ಈ ಗುಂಪಿಗೆ ಕಳೆದ ವರ್ಷ ಕರೂರಿನ ಊರಮ್ಮ ಬಂದರು. ಭತ್ತದ ಗದ್ದೆಯಲ್ಲಿ ಕೂಲಿ ಮಾಡುವವರು. ಹತ್ತೊಂಬತ್ತರ ಮಗಳು ಮೌನಿಕಾ ಕಾಮಾಲೆಯಾಗಿ ಬಳ್ಳಾರಿಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಅಲ್ಲಿ ಪಕ್ಕದ ಮಂಚದವರ ಜೊತೆಗಿದ್ದವರು ಅಕ್ತರಬಿಗೆ ಊರಮ್ಮನ ನಂಬರ್ ಕೊಟ್ಟಿದ್ದರು, ವಿಳಾಸ ಅವರಿಗೂ ಗೊತ್ತಿರಲಿಲ್ಲ. ಮೊದಲ ಎರಡು ತಿಂಗಳು ಊರಮ್ಮನಿಂದ ಬರುತ್ತಿದ್ದದ್ದು ಬರೀ ಉಸಿರು, ಹಿಂದೆ ಹಿಟ್ಟಿನ ಗಿರಣಿಯ ಗಡಗಡ. ಆಮೇಲೆ ಒಂದೊಂದೇ ಮಾತು ಬಂತು.

ಈ ಫೆಬ್ರುವರಿಯ ಒಂದು ಸಂಜೆ ಊರಮ್ಮನ ದನಿ ಬಂತು. ಗಾಳಿ, ಗಿರಣಿಯ ಸದ್ದು, ನಡುವೆ ತುಂಡು ತುಂಡು ಮಾತು: “ನಾಳಿ ಹೊಳಿಗಿ ಯಕ್ಕಾ, ನನ್ನ ಮಗಳ ಸಲುವಾಗಿ. ಅಷ್ಟಾತಂದ್ರ ನನ್ನ ಕೆಲಸ ಮುಗೀತು.” ಗದ್ದಲದಲ್ಲಿ ಯಾರೂ ಗಮನ ಕೊಡಲಿಲ್ಲ. ಮರುದಿನ ಹಂಚು ಇಟ್ಟಾಗ ಕರೂರಿನಿಂದ ಉತ್ತರವಿಲ್ಲ. ಫೋನು ಸ್ವಿಚ್ ಆಫ್. ಅಕ್ತರಬಿ ಹಿಂದಿನ ಸಂಜೆಯ ದನಿಯನ್ನು ಮತ್ತೆ ಹಾಕಿ ಕೇಳಿದರು. ನಾಳೆ ಹೊಳೆಗೆ, ಮಗಳಿಗಾಗಿ.

“ನನ್ನ ಕೈಯಾಗಿನ ಉಂಡಿ ಕೆಳಗ ಬಿತ್ತು” ಎನ್ನುತ್ತಾರೆ ಅಕ್ತರಬಿ. “ಹಂಚು ಇಳಿಸಿಬಿಟ್ಟೆ. ಚಿದಾನಂದಪ್ಪಣ್ಣಗ ಫೋನು ಮಾಡಿ, ಇವತ್ತು ರೊಟ್ಟಿ ಇಲ್ಲರಿ ಅಂದೆ. ಮಂದಿ ಇವತ್ತು ಅನ್ನ ಉಣ್ಲಿ ಬಿಡವ್ವ, ನೀ ಮೊದಲ ಹೋಗು ಅಂದ್ರು.”

ಹದಿನಾಲ್ಕು ವರ್ಷದಲ್ಲಿ ಆ ಒಲೆ ಹೀಗೆ ಅರ್ಧಕ್ಕೆ ಆರಿದ್ದು ಅದೊಂದೇ ದಿನ, ಮಾಬುಸಾಬ್ ತೀರಿಕೊಂಡ ದಿನ ಬಿಟ್ಟರೆ. ಸಿರುಗುಪ್ಪದ ಬಸ್ಸಿನುದ್ದಕ್ಕೂ ಅವರು ಆ ನಂಬರ್ ಒತ್ತುತ್ತಲೇ ಇದ್ದರು. ಕುರುಗೋಡಿನಿಂದ ಕೊಟ್ರಮ್ಮನೂ ಹೊರಟಿದ್ದರು. ಸಿರುಗುಪ್ಪ ಬಸ್ ಸ್ಟ್ಯಾಂಡಿನಲ್ಲಿ ನೂರಾರು ಹೆಂಗಸರು. ಗುರುತು ಹಿಡಿಯುವುದು ಹೇಗೆ? ಅಕ್ತರಬಿ ನಡುವೆ ನಿಂತು ಗಂಟಲು ಬಿಚ್ಚಿ ಕೂಗಿದರು: “ಹಂಚು ಇಟ್ಟೀನಿ, ಎದ್ದೀರೇನ್ರವ್ವಾ?” ಜನ ಹುಚ್ಚಿ ಎಂಬಂತೆ ನೋಡಿದರು. ಸೋಡಾ ಅಂಗಡಿಯ ಕಡೆಯಿಂದ ಒಂದು ದನಿ ಬಂತು: “ಎದ್ದೀನಿ ಯಕ್ಕಾ!” ಮೂರೂವರೆ ವರ್ಷದ ಗೆಳತಿಯರು ಮೊದಲ ಸಲ ಒಬ್ಬರನ್ನೊಬ್ಬರು ನೋಡಿದರು. ನೋಡುತ್ತ ನಿಲ್ಲಲು ಪುರುಸೊತ್ತಿರಲಿಲ್ಲ. ಕರೂರಿನ ಬಸ್ಸು ಹೊರಡುತ್ತಿತ್ತು.

ಕರೂರಿನಲ್ಲಿ ಇನ್ನೊಂದು ಪಜೀತಿ. ಊರಮ್ಮನ ಮನೆ ಎಲ್ಲಿ ಎಂದರೆ, ಯಾವ ಊರಮ್ಮ ಎಂದು ಕೇಳಿದರು. ಊರ ದೇವಿಯ ಹೆಸರಿಟ್ಟುಕೊಂಡವರು ಊರ ತುಂಬ ಇದ್ದರು. ಹೊಳೆಯ ದಾರಿ ಕೇಳೋಣವೇ, ಮನೆಯ ದಾರಿ ಕೇಳೋಣವೇ ಎಂದು ಕೊಟ್ರಮ್ಮ ಅಳುವುದಕ್ಕೇ ಶುರುಮಾಡಿದರು. ಆಗ ಅಕ್ತರಬಿಯ ಕಿವಿಗೆ ಪರಿಚಯದ ಗಡಗಡ ಬಿತ್ತು. ಗಿರಣಿ! ಇಬ್ಬರೂ ಆ ಸದ್ದಿನ ಬೆನ್ನು ಹತ್ತಿ ಓಡಿದರು. ಗಿರಣಿಯ ಪಕ್ಕದ ಮನೆಯ ಬಾಗಿಲು ತೆರೆದಿತ್ತು. ಒಳಗೆ ಅರಿಸಿನದ ಕಣಕ ಕೈತುಂಬ ಮೆತ್ತಿಕೊಂಡು, ಒಬ್ಬ ಬಡಕಲು ಹೆಂಗಸು ಹೂರಣ ತುಂಬುತ್ತ ಕೂತಿದ್ದಳು.

ಬರೆದರೆ ಹೊಳೆಯೇ ಬೇರೆ, ಹೋಳಿಗೆಯೇ ಬೇರೆ. ಈ ಸೀಮೆಯ ಬಾಯಲ್ಲಿ ಹೊಳೆಗೆ ಎಂದರೆ ಹೊಳಿಗಿ, ಹೋಳಿಗೆ ಎಂದರೆ ಹೋಳಿಗಿ. ನಡುವೆ ಇರುವುದು ಒಂದೇ ದೀರ್ಘ. ಅದನ್ನು ಗಿರಣಿ ನುಂಗಿತ್ತು.

“ಅವತ್ತು ನನ್ನ ಮಗಳ ವರ್ಷದ ದಿನ” ಎನ್ನುತ್ತಾರೆ ಫೋನಿನಲ್ಲಿ ನನಗೆ ಸಿಕ್ಕ ಊರಮ್ಮ. “ಆಕಿಗೆ ಹೋಳಿಗಿ ಅಂದ್ರ ಜೀವ. ಎಡಿ ಇಡೂದೊಂದು ಕೆಲಸ ಉಳದಿತ್ತು, ಅದನ್ನ ಹೇಳಿದ್ದೆ. ಫೋನು ಬ್ಯಾಳಿ ನೆನಿಯಾಕ ಹಾಕಿದ ನೀರಾಗ ಬಿತ್ತು, ಅಕ್ಕಿ ಡಬ್ಬಿಯಾಗ ಹುಗದಿಟ್ಟಿದ್ದೆ. ಇಬ್ರು ಬಂದು ನನ್ನ ತೆಕ್ಕಿಬಿದ್ದು ಅಳಾಕತ್ತಿದ್ರು. ಯಾರ ಮನಿಯವರಪ್ಪ ಇವರು ಅಂತ ಅಂಜಿದೆ. ಒಬ್ಬಾಕಿ ‘ಊರಮ್ಮಾ, ಉಂಡಿಯೇನು’ ಅಂದ್ಲು ನೋಡ್ರಿ, ಆ ದನಿ ಕೇಳಿ ನಾನೂ ಅತ್ತೆ.” ಮಗಳು ಹೋದ ಮೇಲೆ ದನಿ ಎತ್ತಿ ಅತ್ತದ್ದು ಅದೇ ಮೊದಲಂತೆ. ಆಮೇಲೆ ಮೂವರೂ ಸೇರಿ ಹೋಳಿಗೆ ಲಟ್ಟಿಸಿದರು, ಎಡೆ ಇಟ್ಟರು, ತುಪ್ಪ ಹಾಕಿಕೊಂಡು ಉಂಡರು. ಸಂಜೆಯ ಬಸ್ಸಿನಲ್ಲಿ ಕೊಟ್ರಮ್ಮ ನಕ್ಕೂ ನಕ್ಕೂ ಬಿಕ್ಕಳಿಕೆ ತಂದುಕೊಂಡರಂತೆ. ಅಂದಿನಿಂದ ಗುಂಪಿನಲ್ಲಿ ಒಂದು ಹೊಸ ನಿಯಮ: ಹೋಳಿಗೆ ಎನ್ನುವವರು “ಬ್ಯಾಳಿ ಹೋಳಿಗಿ” ಎಂದೇ ಹೇಳಬೇಕು.

ಒಂದು ಆಸೆ ಇದೆ ಅಕ್ತರಬಿಗೆ. ಮೂವತ್ತೊಂದು ಮಂದಿಯನ್ನೂ ಒಮ್ಮೆ ತನ್ನ ಒಲೆಯ ಸುತ್ತ ಕೂರಿಸಿ ಬಿಸಿ ರೊಟ್ಟಿ ಹಾಕಬೇಕು. “ದನಿ ಕೇಳಿ ಮನಸು ತುಂಬತೈತ್ರಿ, ಹೊಟ್ಟಿ ತುಂಬಂಗಿಲ್ಲ.”

ಎಲ್ಲ ಸರಿಹೋಗಿದೆಯಲ್ಲ, ಮತ್ತೆ ಈಗಲೂ ಕರೂರಿನ ದನಿ ಬರುವವರೆಗೆ ರೊಟ್ಟಿ ಬಡಿಯುವುದಿಲ್ಲ ಯಾಕೆ ಎಂದು ಕೇಳುತ್ತೇನೆ. ಅವರು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ತಿರುವಿ ಹಾಕಿ, ಅದು ಉಬ್ಬುವುದನ್ನು ನೋಡುತ್ತ ಹೇಳುತ್ತಾರೆ.

“ಆಕಿ ಹೋಳಿಗಿ ಅಂದಿದ್ಲು. ನನ್ನ ಕಿವಿಗೆ ಹೊಳಿ ಅಂತ ಯಾಕ ಬಿತ್ತು, ಹೇಳ್ರಿ? ನಮ್ಮವರು ಹೋದ ಹೊಸದಾಗ ನಾನೂ ಸಿರುಗುಪ್ಪದಾಗ ಹೊಳಿ ದಂಡಿಗೆ ಹೋಗಿ ಕುಂತು ಬಂದಾಕೀನ. ಅದ ವಾರ ಆ ಗುಲಾಬಿ ಹೂವಿನಾಕಿ ಉಂಡೀರೇನು ಅಂತ ಕೇಳಿದ್ಲು.” ರೊಟ್ಟಿ ಉಬ್ಬುತ್ತದೆ. ತೆಗೆದು ಬುಟ್ಟಿಗೆ ಹಾಕುತ್ತಾರೆ. “ಈಗ ಹೊಳಿ ಹೆಸರು ಕೇಳಿದ್ರ ಬಾಯಾಗ ಬೆಲ್ಲ ಬಂದಂಗ ಆಗತೈತ್ರಿ.”