ಇಸ್ತ್ರಿ ಮಾರ್ಗೆಡ್ ತಿರುಗಿ ಕಳಿಸಿದವರು

ಮಿಸೆಸ್ ಮಾರ್ಗೆಡ್ ಬೆನನ್ ಅವರನ್ನು ಯಾರಾದರೂ ಹಳೇ ಮಾಲೆಂದು ನನ್ನ ಅಂಗಡಿಗೆ ತಂದಿದ್ದರೆ ನಾನು ಮೊದಲು ತಳ ನೋಡುತ್ತಿದ್ದೆ. ತಳ ಅಗಲ, ಅಲುಗಾಡುವುದಿಲ್ಲ. ಎತ್ತರ ಕಡಿಮೆ, ತೂಕ ಎತ್ತರಕ್ಕೆ ಮೀರಿದ್ದು. ಎಡ ಮೊಣಕಾಲಿನ ಕೀಲು ಸಡಿಲ; ಮೆಟ್ಟಿಲು ಹತ್ತುವಾಗ ಸದ್ದು ಬರುತ್ತದೆ, ಕೆಲಸ ಮಾತ್ರ ನಿಲ್ಲುವುದಿಲ್ಲ. ಮೇಲೆ ಬಣ್ಣ ಹಚ್ಚಿ ಮುಚ್ಚಿದ್ದು ಏನೂ ಇಲ್ಲ. ತುಕ್ಕು ಹುಡುಕಿದರೂ ಸಿಗದು. ಬಾಯಿ ಒಂದು ಮುಚ್ಚಳ ಕಳೆದ ಕೆಟಲು. ಕುದಿ ಬಂದರೆ ಹತ್ತಿರ ನಿಂತವರಿಗೆ ಹನಿ ಬೀಳುವುದು ಖಂಡಿತ. ಇಂಥ ಮಾಲನ್ನು ಅಂಗಡಿಯ ಕಿಟಕಿಯಲ್ಲಿಟ್ಟು ಮಾರಲಾಗದು. ಆದರೆ ಹಿಂದಿನ ಕೋಣೆಯಲ್ಲಿ ಗೋಣಿ ಹೊದಿಸಿಟ್ಟರೂ ಗಿರಾಕಿ ಕೇಳಿಕೊಂಡು ಬರುತ್ತಾನೆ. ಒಯ್ದವನು ವಾಪಸು ತರುವುದಿಲ್ಲ.

ನಮ್ಮ ಅಬೆರ್‌ವೆರ್ನಿನಲ್ಲಿ ಮೂರು ಬೀದಿ, ಒಂಬತ್ತು ಚಾಪೆಲ್ಲು ಅಂದರೆ ಪ್ರಾರ್ಥನಾಮಂದಿರ, ಮತ್ತು ಗುಡ್ಡದ ಮೇಲೆ ಅವುಗಳಿಗೆ ಬೋಧಕರನ್ನು ತಯಾರಿಸುವ ಒಂದು ಕಾಲೇಜು. ವೇಲ್ಸಿನ ಅರ್ಧ ಪ್ರಸಂಗಪೀಠಗಳಿಗೆ ತಾವೇ ಜನ ಒದಗಿಸಿದ್ದೆಂದು ಕಾಲೇಜಿನವರು ಹೇಳಿಕೊಳ್ಳುತ್ತಾರೆ. ಉಳಿದರ್ಧಕ್ಕೂ ಒದಗಿಸಬಹುದಿತ್ತು ಎಂಬ ಧಾಟಿಯಲ್ಲಿ. ಊರಿನಲ್ಲಿ ಒಂದೇ ಮನೆತನದ ಹೆಸರು ಹತ್ತು ಬಾಗಿಲಿಗೆ ಇರುವುದರಿಂದ ಯಾರನ್ನೂ ಕಸುಬು ಸೇರಿಸದೆ ಕರೆಯುವುದಿಲ್ಲ. ನಾನು ತಂತಿ ಪ್ರೊಥೆರೊ: ಬೇಲಿ ತಂತಿ, ಮೊಳೆ, ಬಕೆಟ್ಟು, ಸೀಮೆಎಣ್ಣೆ. ಆಕೆ ಇಸ್ತ್ರಿ ಮಾರ್ಗೆಡ್.

ಕಾಲೇಜಿನಲ್ಲಿ ಪಾಠಕ್ಕೆ ಕೋಣೆಗಳಿವೆ, ಮಲಗಲು ಇಲ್ಲ. ವಿದ್ಯಾರ್ಥಿಗಳು ಊರಿನ ವಿಧವೆಯರ ಮನೆಗಳಲ್ಲಿ ಊಟ-ವಸತಿಗೆ ಇರಬೇಕು. ಯಾವ ಯಾವ ಮನೆ ಎಂದು ಕಾಲೇಜು ಒಂದು ಪಟ್ಟಿ ಇಟ್ಟಿತ್ತು. ಪಟ್ಟಿಯಲ್ಲಿದ್ದರೆ ಪ್ರತಿ ಶರತ್ಕಾಲಕ್ಕೆ ನಾಲ್ಕು ಜನ. ಬಿಟ್ಟುಹೋದರೆ ಖಾಲಿ ಮಂಚಗಳು. ರೈಲ್ವೆ ಯಾರ್ಡಿನಲ್ಲಿ ಗಂಡ ಸತ್ತಾಗ ಮಿಸೆಸ್ ಬೆನನ್‌ಗೆ ಇಪ್ಪತ್ತೊಂಬತ್ತು ವರ್ಷ. ಅಂದಿನಿಂದ ಕೆಳಬೀದಿಯ ಏಳನೇ ನಂಬರಿನ ಮನೆ ಪಟ್ಟಿಯಲ್ಲಿತ್ತು. ಆಕೆ ಉಂಡದ್ದೂ ಉಳಿದದ್ದೂ ಆ ಪಟ್ಟಿಯಿಂದ.

ಶನಿವಾರದ ಬಸ್ಸಿಗೆ ಹುಡುಗರೆಲ್ಲ ಹಳ್ಳಿ ಚಾಪೆಲ್ಲುಗಳಿಗೆ ಹೊರಡುತ್ತಿದ್ದರು, ಭಾನುವಾರದ ಆರಾಧನೆಯಲ್ಲಿ ಪ್ರಸಂಗ ಮಾಡಲು, ಅಂದರೆ ಧರ್ಮಬೋಧೆಗೆ. ಹಾಗಾಗಿ ಶುಕ್ರವಾರ ಸಂಜೆ ಏಳನೇ ನಂಬರಿನ ಅಡುಗೆಮನೆಯಲ್ಲಿ ತಾಲೀಮು. ಮಿಸೆಸ್ ಬೆನನ್ ಒಲೆಯ ಮೇಲೆ ಎರಡು ಇಸ್ತ್ರಿಪೆಟ್ಟಿಗೆ ಕಾಯಿಸಿ ಅವರ ಅಂಗಿಗಳನ್ನು ಒತ್ತುತ್ತಿದ್ದರು. ಹುಡುಗ ಪಾತ್ರೆ ಕಪಾಟಿನ ಪಕ್ಕ ನಿಂತು ಪ್ರಸಂಗ ಹೇಳಬೇಕು. ಆ ಮನೆಯಲ್ಲಿ ಪ್ರಸಂಗವನ್ನು ನಿಮಿಷದಲ್ಲಿ ಅಳೆಯುತ್ತಿರಲಿಲ್ಲ. ಎರಡು ಅಂಗಿಯ ಪ್ರಸಂಗ ಒಳ್ಳೆಯದು, ಮೂರು ಅಂಗಿಯದನ್ನು ಸಹಿಸಬಹುದು. ಆಕೆ ಹಾಸಿಗೆಯ ಬಟ್ಟೆಗೆ ಕೈ ಹಾಕಿದರೆಂದರೆ ಹುಡುಗ ಮುಗಿಸಿ ಕೂತುಕೊಳ್ಳುವುದು ಮೇಲು. ನಿಜಕ್ಕೂ ಚೆನ್ನಾಗಿದ್ದರೆ ಆಕೆಯ ಕೈ ನಿಂತುಬಿಡುತ್ತಿತ್ತು, ಅಂಗಿ ಸುಟ್ಟು ವಾಸನೆ ಬರುತ್ತಿತ್ತು. ನಲವತ್ತು ವರ್ಷದಲ್ಲಿ ಸುಟ್ಟದ್ದು ಮೂರೇ ಅಂಗಿ.

ಭಾನುವಾರ ಮಾತ್ರ ಆಕೆ ಚಾಪೆಲ್ಲಿಗೆಂದು ಮನೆ ಬಿಟ್ಟು ಹೊರಡುತ್ತಿರಲಿಲ್ಲ. ಪಕ್ಕದ ಮನೆಯವಳು ಕೇಳಿದರೆ ಒಂದೇ ಉತ್ತರ: "ಶುಕ್ರವಾರನೇ ನಾಲ್ಕು ನುಂಗಿರ್ತೀನಿ ಕಣೇ. ಮೇಲೆ ಇನ್ನೊಂದು ಹಾಕ್ಕೊಂಡ್ರೆ ಅಜೀರ್ಣ ಆಗೋದು ನನಗೋ, ದೇವರಿಗೋ?"

ಈಗ ಇನ್ನೊಂದು ಲೆಕ್ಕ. ಆ ಅಡುಗೆಮನೆಯಲ್ಲಿ ಪ್ರಸಂಗ ಹೇಳಿ, ಮಾರನೆಯ ದಿನ ಬಸ್ಸು ಹತ್ತದೆ, ಪೆಟ್ಟಿಗೆ ಕಟ್ಟಿಕೊಂಡು ಕಾಲೇಜನ್ನೇ ಬಿಟ್ಟವರು ಇಸವಿ ಐವತ್ತಮೂರರ ಕೊನೆಯ ಹೊತ್ತಿಗೆ ಹನ್ನೊಂದು ಮಂದಿ. ಅವರಲ್ಲಿ ಒಬ್ಬ ಹರಾಜು ಕೂಗುತ್ತಾನೆ, ಒಬ್ಬ ಬಸ್ಸಿನ ಕಂಡಕ್ಟರ್, ಇಬ್ಬರು ಶಾಲಾ ಮೇಷ್ಟ್ರು. ಒಬ್ಬ ತಂತಿ ಮಾರುತ್ತಾನೆ.

ನಾನು ಕಾಲೇಜು ಬಿಟ್ಟದ್ದು ಗಂಟಲು ನೋವಿನಿಂದ ಎಂದು ಊರಿಗೆಲ್ಲ ಗೊತ್ತಿತ್ತು. ಗೊತ್ತಿರುವಂತೆ ನಾನೇ ನೋಡಿಕೊಂಡಿದ್ದೆ. ಮೊಟ್ಟೆ ಮಾರಿ ಓದಿಸಿದ ತಾಯಿಗೆ ಹಾಗೆಯೇ ಹೇಳಿದ್ದೆ. ಆಕೆ ಅದನ್ನು ನಂಬಿಕೊಂಡೇ ಕಣ್ಣು ಮುಚ್ಚಿದಳು ಎಂದುಕೊಂಡಿದ್ದೆ. ಹೆಂಡತಿಗೂ ಅದನ್ನೇ ಹೇಳಿ, ಮೂವತ್ತು ಚಳಿಗಾಲ ಕುತ್ತಿಗೆಗೆ ಉಣ್ಣೆಪಟ್ಟಿ ಸುತ್ತಿಸಿಕೊಂಡು ಓಡಾಡಿದೆ. ಹಿರಿಯರ ಸಭೆಗಳಲ್ಲಿ "ಪಾಪ, ಆ ಗಂಟಲೊಂದು ಸರಿಯಾಗಿದ್ದಿದ್ರೆ ಪ್ರೊಥೆರೊ ಎಲ್ಲಿರ್ತಿದ್ದನೋ" ಎಂದು ಯಾರಾದರೂ ಅಂದರೆ ನಾನು ಸಣ್ಣಗೆ ಕೆಮ್ಮುತ್ತಿದ್ದೆ. ಗಿರಾಕಿ ತಾನಾಗಿಯೇ ಬೆಲೆ ಏರಿಸಿದರೆ ವ್ಯಾಪಾರಿ ಬೇಡವೆನ್ನುವುದಿಲ್ಲ.

ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ ಕಾಲೇಜಿಗೆ ಇನ್ನೂರು ವರ್ಷ ತುಂಬಿತು. ಹೊಸ ಪ್ರಿನ್ಸಿಪಾಲರು ಡಾಕ್ಟರ್ ಪೆನ್ರಿ. ಉದ್ದ ಮನುಷ್ಯ, ಅಚ್ಚುಕಟ್ಟು. ನನ್ನಲ್ಲಿ ತಿರುಪುಮೊಳೆ ಕೊಂಡರೂ ಒಂದೊಂದರ ತಲೆ ತಿರುಗಿಸಿ ನೋಡುವವರು. ಸಭಾಂಗಣದಲ್ಲಿ ಓಕ್ ಮರದ ಹಲಗೆ ತೂಗುಹಾಕಿ, ಕಾಲೇಜಿನ ಹೆಸರಾಂತ ಹಳೆಯ ವಿದ್ಯಾರ್ಥಿಗಳ ಹೆಸರನ್ನು ಚಿನ್ನದ ಅಕ್ಷರದಲ್ಲಿ ಬರೆಸುವುದೆಂದು ಅವರು ನಿಶ್ಚಯಿಸಿದರು. ಹಲಗೆಗೆ ಕೊಕ್ಕೆ, ಸರಪಳಿ ನನ್ನ ಅಂಗಡಿಯದು. ಒಟ್ಟು ಹದಿನೆಂಟು ಹೆಸರು: ನಿಘಂಟು ಬರೆದವರು, ಕಡಲಾಚೆ ಆಸ್ಪತ್ರೆ ಕಟ್ಟಿದವರು, ಪಾರ್ಲಿಮೆಂಟಿಗೆ ಹೋದವರು. ಅದರಲ್ಲಿ ಏಳು ಹೆಸರು ಕೆಳಬೀದಿಯ ಏಳನೇ ನಂಬರಿನಲ್ಲಿ ಕುರಿಮಾಂಸದ ಸಾರು ಕುಡಿದು ಬೆಳೆದವು.

ಆ ವಸಂತದಲ್ಲೇ ಏಳನೇ ನಂಬರಿನಲ್ಲಿದ್ದ ಇಡ್ವಲ್ ಎಂಬ ಹುಡುಗ ಕಾಲೇಜು ಬಿಟ್ಟ. ಹನ್ನೆರಡನೆಯವನು. ಅವನ ಅಪ್ಪ ದೊಡ್ಡ ಚಾಪೆಲ್ಲೊಂದರ ಹಿರಿಯ, ಕಾಲೇಜಿನ ಚಾವಣಿಗೆ ಹಣ ಕೊಟ್ಟವರು. ಡಾಕ್ಟರ್ ಪೆನ್ರಿಗೆ ನಾಲ್ಕು ಪುಟದ ಪತ್ರ ಬರೆದರು. ಪೆನ್ರಿ ಹಳೆಯ ದಾಖಲೆ ತೆಗೆಸಿ, ಬಿಟ್ಟುಹೋದವರು ಯಾರ ಯಾರ ಮನೆಯಲ್ಲಿದ್ದರೆಂದು ನೋಡಿದರು. ನೋಡಿದ ಮೇಲೆ ಏಳನೇ ನಂಬರನ್ನು ಪಟ್ಟಿಯಿಂದ ತೆಗೆಯುವ ವಿಷಯ ವಸತಿ ಸಮಿತಿಯ ಮುಂದೆ ಬಂತು. ಊರ ಕಡೆಯಿಂದ ಆ ಸಮಿತಿಯಲ್ಲಿದ್ದವನು ನಾನು. ಗಂಟಲು ಕೈಕೊಟ್ಟ ಹಳೆಯ ವಿದ್ಯಾರ್ಥಿ ಎಂಬ ಗೌರವಕ್ಕೆ.

ನಾನು ಆ ಸಂಜೆಯೇ ಆಕೆಯ ಮನೆಗೆ ಹೋದೆ. ಆಕೆ ಒಣದ್ರಾಕ್ಷಿಯ ಬ್ರೆಡ್ಡು ಕೊಯ್ದು ಬೆಣ್ಣೆ ಸವರುತ್ತಿದ್ದರು.

"ಆ ಹುಡುಗನಿಗೆ ನೀವೇನು ಹೇಳಿದ್ರಿ?" ಎಂದೆ.

"ಏನೂ ಹೇಳ್ಲಿಲ್ಲಪ್ಪ. ಒಂದು ಮಾತು ಕೇಳ್ದೆ. ಇದನ್ನೆಲ್ಲ ನೀನು ನಂಬ್ತೀಯೇನೋ ಅಂತ."

"ಅವನು?"

"ಇಲ್ಲ ಅಂದ. ಎರಡು ವರ್ಷದಿಂದ ಇಲ್ಲ ಅಂದ. ಅತ್ತ. ಚಹಾ ಕೊಟ್ಟೆ. ಈಗ ಸೋದರಮಾವನ ಊರಲ್ಲಿ ದನದ ಡಾಕ್ಟರ ಹತ್ರ ಕೆಲಸ ಕಲೀತಾ ಇದಾನಂತೆ, ಕಾಗದ ಬರೆದಿದಾನೆ. ನಗ್ತಾ ಬರೆದಿರೋ ಕಾಗದ."

"ಸಮಿತಿ ಮುಂದೆ ತಪ್ಪಾಯ್ತು ಅಂದ್ಬಿಡಿ. ಮುಂದೆ ಕೇಳಲ್ಲ ಅನ್ನಿ. ನಾನು ಸರಿಮಾಡ್ತೀನಿ."

ಆಕೆ ಚಾಕು ಕೆಳಗಿಟ್ಟರು. "ಪ್ರೊಥೆರೊ, ನಿನ್ನ ಅಂಗಡೀಲಿ ಸೋರೋ ಬಕೆಟ್ಟನ್ನ ಗೊತ್ತಿದ್ದೂ ಮಾರ್ತೀಯಾ?"

ನಾನು ಬ್ರೆಡ್ಡು ತಿಂದೆ. ಆ ಪ್ರಶ್ನೆಗೆ ಬಾಯಿ ತುಂಬಿರುವುದೇ ಕ್ಷೇಮ.

"ಪಟ್ಟಿ ತಪ್ಪಿ ಮನೆ ನಡೆಯದೆ ಹೋದ್ರೆ ಎಲ್ಲಿಗೆ ಹೋಗ್ತೀರಿ?"

"ಬರ್ಕನ್‌ಹೆಡ್ಡಿಗೆ, ತಂಗಿ ಮನೆಗೆ. ಅವಳ ಗಂಡ ಊಟ ಮಾಡೋವಾಗ ಸಿಳ್ಳೆ ಹಾಕ್ತಾನೆ." ಇದನ್ನು ಹೇಳುವಾಗ ಆಕೆಯ ಮುಖ ಬಿಳಿಚಿತ್ತು. ಮೂವತ್ತು ವರ್ಷದ ಪರಿಚಯದಲ್ಲಿ ಆಕೆ ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನನಗೊಂದು ಉಪಾಯ ಹೊಳೆಯಿತು. ಕಾಲೇಜಿನ ಇನ್ನೂರನೆಯ ವರ್ಷದ ಉತ್ಸವಕ್ಕೆ ರೆವರೆಂಡ್ ಡಾಕ್ಟರ್ ಗೆರೇಂಟ್ ರಾಸರ್ ಬರುವವರಿದ್ದರು. ಹಲಗೆಯ ಮೇಲೆ ಮೂರನೆಯ ಹೆಸರು. ರೇಡಿಯೋದಲ್ಲಿ ಅವರ ಪ್ರಸಂಗವಿದ್ದರೆ ಕುರಿ ಕಾಯುವವರೂ ನಾಯಿಯ ಬಾಯಿ ಮುಚ್ಚಿಸುತ್ತಿದ್ದರು. ಅವರೂ ಏಳನೇ ನಂಬರಿನವರು. ಪ್ರಿನ್ಸಿಪಾಲರ ಮನೆಯಲ್ಲಿ ಇಳಿದುಕೊಂಡು, ಶುಕ್ರವಾರ ಸಂಜೆ ನಡೆದು ಬರುತ್ತೇನೆಂದು ಹೇಳಿ ನೇರ ಕೆಳಬೀದಿಗೆ ಬಂದರು. ನಾನೂ ಅಲ್ಲಿದ್ದೆ, ಸೀಮೆಎಣ್ಣೆಯ ಡಬ್ಬಿಯ ನೆಪದಲ್ಲಿ. ಅಷ್ಟು ದೊಡ್ಡ ಮನುಷ್ಯ ಕಪಾಟಿನ ಪಕ್ಕ ನಿಂತು ಉತ್ಸವದ ಪ್ರಸಂಗ ಒಪ್ಪಿಸಿದರು. ಐದು ಅಂಗಿ, ಒಂದು ದಿಂಬಿನ ಚೀಲ.

"ಗೆರೇಂಟ್," ಎಂದರು ಮಿಸೆಸ್ ಬೆನನ್, "ಮೊದಲ್ನೇ ಎರಡು ಅಂಗಿ ಪೂರ್ತಿ ನಿನ್ನ ಬಗ್ಗೇನೇ ಹೇಳ್ಕೊಂಡೆಯಲ್ಲೋ."

"ಅದು ಪೀಠಿಕೆ, ಮಿಸೆಸ್ ಬೆನನ್."

"ಪೀಠಿಕೆ ಅಂಗಳದಷ್ಟಿದೆ, ಮನೆ ಕೋಳಿಗೂಡಿನಷ್ಟಿದೆ. ಕತ್ತರಿಸು."

ಅವರು ಅಲ್ಲೇ ಪೆನ್ಸಿಲು ತೆಗೆದು ಕತ್ತರಿಸಿದರು. ಬಾಗಿಲಲ್ಲಿ ನಾನು ಪಟ್ಟಿಯ ವಿಷಯ ಎತ್ತಿದೆ. "ಖಂಡಿತ ಹೇಳ್ತೀನಿ. ಈ ಮನೆ ಋಣ ಸಣ್ಣದಲ್ಲ," ಎಂದು ನನ್ನ ಕೈ ಕುಲುಕಿದರು. ನಾನು ನಿಶ್ಚಿಂತೆಯಿಂದ ಮನೆಗೆ ಹೋಗಿ ಮಲಗಿದೆ.

ಉತ್ಸವ ಮುಗಿದು ಸೋಮವಾರ ಸಮಿತಿ ಸೇರಿತು; ಡಾಕ್ಟರ್ ರಾಸರ್ ಅತಿಥಿಯಾಗಿ ಕೂತಿದ್ದರು. ಮಿಸೆಸ್ ಬೆನನ್ ಕಪ್ಪು ಹ್ಯಾಟು ಹಾಕಿಕೊಂಡು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಡಾಕ್ಟರ್ ಪೆನ್ರಿ ಕಟುವಾಗಿ ಮಾತಾಡಲಿಲ್ಲ, ಕಟುವಾಗಿದ್ದರೆ ಸುಲಭವಿತ್ತು.

"ನಿಮ್ಮ ಮನೆಯಿಂದ ಏಳು ಜನ ಆ ಹಲಗೆ ಮೇಲಿದ್ದಾರೆ, ಮಿಸೆಸ್ ಬೆನನ್. ಅವರನ್ನ ಬೆಳೆಸಿದ್ದಕ್ಕೆ ಕಾಲೇಜು ನಿಮಗೆ ಕೃತಜ್ಞ. ಆದರೆ ಹನ್ನೆರಡು ಜನರನ್ನ ನೀವು ನಮ್ಮಿಂದ ಕಿತ್ಕೊಂಡಿದ್ದೀರಿ."

"ಆ ಏಳು ಜನರನ್ನ ನಾನು ಬೆಳೆಸ್ಲಿಲ್ಲ ಸ್ವಾಮಿ," ಎಂದರು ಆಕೆ. "ಅವರು ಎಲ್ಲಿದ್ರೂ ಬೆಳೀತಿದ್ರು. ಊಟ ಹಾಕ್ದೆ ಅಷ್ಟೇ. ನಾನು ಏನಾದ್ರೂ ಮಾಡಿದ್ರೆ ಆ ಹನ್ನೆರಡು ಜನಕ್ಕೆ."

ಪೆನ್ರಿ ಡಾಕ್ಟರ್ ರಾಸರ್ ಕಡೆ ತಿರುಗಿದರು. ರಾಸರ್ ಗಂಟಲು ಸರಿಮಾಡಿಕೊಂಡರು. ಎರಡೂ ಕಡೆ ಸತ್ಯವಿದೆ ಎಂದರು. ಪ್ರಾರ್ಥನಾಪೂರ್ವಕವಾಗಿ ಯೋಚಿಸಬೇಕು ಎಂದರು. ಚಾವಣಿಯ ದಾನಿಯ ಮನಸ್ಸಿಗೆ ನೋವಾಗಿರುವುದನ್ನೂ ಮರೆಯಬಾರದು ಎಂದರು. ರೇಡಿಯೋದಲ್ಲಿ ಕೇಳಿದ್ದರೆ ಬಹಳ ಚೆನ್ನಾಗಿರುತ್ತಿತ್ತು.

"ಒಬ್ಬ ಓದೋ ಹುಡುಗನಿಗೆ ನಿನ್ನ ಕೈಲಾಗಲ್ಲ ಅನ್ನೋ ಅಧಿಕಾರ ಮನೆಯೊಡತಿಗೆ ಯಾರು ಕೊಟ್ರು?" ಪೆನ್ರಿ ಕೇಳಿದರು. "ಆ ಹನ್ನೆರಡು ಜನರಲ್ಲಿ ಒಬ್ಬರಾದರೂ ಬಂದು, ನನಗೆ ಒಳ್ಳೆಯದಾಯ್ತು ಅಂತ ಹೇಳಿದ್ದಾರಾ?"

ಮಿಸೆಸ್ ಬೆನನ್ ತಮ್ಮ ಕೈಚೀಲವನ್ನು ನೋಡುತ್ತ ಕೂತರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಬಹುಶಃ ಸುಮ್ಮನೆ ಇದ್ದುಬಿಡುತ್ತಿದ್ದೆ.

ನಾನು ಎದ್ದು ನಿಂತೆ. "ನನಗೆ ಗಂಟಲು ನೋವು ಯಾವತ್ತೂ ಇರ್ಲಿಲ್ಲ," ಎಂದೆ.

"ಏನಂದ್ರಿ?"

"ಗಂಟಲು ಚೆನ್ನಾಗಿತ್ತು. ಈಗ್ಲೂ ಚೆನ್ನಾಗಿದೆ. ಇಪ್ಪತ್ತಮೂರರ ಫೆಬ್ರವರೀಲಿ ಈಯಮ್ಮನ ಅಡುಗೆಮನೇಲಿ ಬೈಬಲ್ಲಿನ ಕಳೆದುಹೋದ ಕುರಿಯ ಕಥೆ ಮೇಲೆ ಪ್ರಸಂಗ ಮಾಡ್ದೆ. ಮೂರಂಗಿ ಮುಗಿದು ಹಾಸಿಗೆ ಬಟ್ಟೆಗೆ ಬಂದಿತ್ತು. ಆಮೇಲೆ ಹೇಳಿದ್ರು: ಪ್ರೊಥೆರೊ, ಕುರಿ ಬಗ್ಗೆ ಹೇಳೋವಾಗ ನೀನು ನಿದ್ದೆ ಮಾಡ್ತಿದ್ದೆ. ಅದು ತಪ್ಪಿಸ್ಕೊಂಡ ಬೇಲಿ ಬಗ್ಗೆ ಬಂದ ತಕ್ಷಣ, ಕಂಬ ಎಷ್ಟು ದೂರಕ್ಕಿರ್ಬೇಕು, ತಂತಿ ಎಷ್ಟು ಎಳೆ ಇರ್ಬೇಕು ಅಂತ ಕಾಲು ಗಂಟೆ ಹೇಳ್ದೆ, ಮುಖ ಬೆಳಗ್ತಿತ್ತು. ಕೇಳ್ತಾ ಕೇಳ್ತಾ ನನಗೇ ಎರಡು ಗಜ ಕೊಳ್ಳೋಣ ಅನ್ನಿಸ್ತು ಅಂತ."

ಯಾರೋ ನಕ್ಕರು. ನಗಲಿ ಎಂದು ನಿಂತಿದ್ದವನೇ ನಾನು.

"ಇಲ್ಲಿ ಯಾರೂ ಅವರ ಹತ್ರ ಬಂದು ಹೇಳ್ಲಿಲ್ಲ, ಯಾಕಂದ್ರೆ ನಮಗೆ ನಾಚಿಕೆ," ಎಂದೆ. "ನಾನು ಇದೇ ಊರಲ್ಲಿದ್ದೂ ಹೇಳ್ಲಿಲ್ಲ. ಉಣ್ಣೆಪಟ್ಟಿ ಸುತ್ಕೊಂಡೆ."

ಇಷ್ಟಾದ ಮೇಲೆ ಸಮಿತಿ ಕರಗಿ ಆಕೆಯನ್ನು ಹೊತ್ತು ಮೆರೆಸಿತು ಎಂದು ಬರೆಯಲು ನನಗೂ ಆಸೆಯಿದೆ. ಆದದ್ದು ಹೀಗೆ: ಅರ್ಧ ಗಂಟೆ ಚರ್ಚಿಸಿ ಒಂದು ಷರತ್ತು ಹಾಕಿದರು. ಮನೆ ಪಟ್ಟಿಯಲ್ಲಿ ಉಳಿಯಬಹುದು. ಶುಕ್ರವಾರದ ತಾಲೀಮು ಮಾತ್ರ ನಿಲ್ಲಬೇಕು. ಅದಕ್ಕಿಂತ ಒಳ್ಳೆಯ ಬೆಲೆ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಒಪ್ಪಿಕೊಳ್ಳಿ ಎಂದು ಕಣ್ಣು ಮಿಟುಕಿಸಿದೆ.

ಆಕೆ ಎದ್ದು ಹ್ಯಾಟು ಸರಿಮಾಡಿಕೊಂಡರು. "ಹಾಗಾದ್ರೆ ನನ್ನ ಹೆಸರು ಹೊಡೆದುಹಾಕಿ, ಸ್ವಾಮಿ. ಊಟ ಹಾಕಿ ಕಿವಿ ಮುಚ್ಕೊಂಡಿರೋಕೆ ನನಗೆ ಬರಲ್ಲ." ಡಾಕ್ಟರ್ ರಾಸರ್‌ಗೆ ಶುಭಪ್ರಯಾಣ ಹೇಳಿ ಹೊರಟೇಹೋದರು. ಗುಡ್ಡದ ಇಳಿಜಾರಿನಲ್ಲಿ ನಾನು ಹಿಂದೆ ಓಡಿ ಹಿಡಿದೆ.

"ಏನು ಮಾಡಿದ್ರಿ! ಪಟ್ಟಿ ಕೈಗೆ ಬಂದಿತ್ತಲ್ಲ!"

"ನಿನ್ನ ಹೆಂಡ್ತಿಗೆ ಮೊದ್ಲು ಹೋಗಿ ಹೇಳು. ಬೇರೆಯವರ ಬಾಯಿಂದ ಕೇಳೋದು ಬೇಡ," ಎಂದರು. ಅಷ್ಟೇ.

ಹೇಳಿದೆ. ಹೆಂಡತಿ ಉಣ್ಣೆಪಟ್ಟಿಯನ್ನು ಬಿಚ್ಚಿ ಬೆಕ್ಕಿನ ಬುಟ್ಟಿಗೆ ಹಾಕಿದಳು; ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ನಿಮ್ಮಮ್ಮ ನನ್ನ ಹತ್ರ ಒಂದ್ಸಲ ಅಂದಿದ್ರು, ಅವನಿಗೆ ಗಂಟಲು ಸರಿಯಾಗೇ ಇದೆ ಕಣೇ ಅಂತ," ಎಂದಳು. ಊರಿನವರು ಇಡೀ ಬೇಸಗೆ ಅಂಗಡಿಗೆ ಬಂದು ಮೊಳೆ ಕೇಳುವ ಮೊದಲು "ಗಂಟಲು ಹೇಗಿದೆ, ತಂತಿ?" ಎಂದು ಕೇಳಿದರು.

ಶರತ್ಕಾಲ ಬಂತು. ಏಳನೇ ನಂಬರಿಗೆ ಯಾವ ಹುಡುಗನೂ ಪೆಟ್ಟಿಗೆ ತರಲಿಲ್ಲ. ಬರ್ಕನ್‌ಹೆಡ್ಡಿಗೆ ಬಸ್ಸು ಎಷ್ಟು ಗಂಟೆಗೆಂದು ಆಕೆ ವಿಚಾರಿಸಿದ್ದನ್ನು ಕಂಡಕ್ಟರ್ ನನಗೆ ಹೇಳಿದ, ಅವನೂ ಹನ್ನೆರಡರಲ್ಲೊಬ್ಬ. ಆಮೇಲೆ ಒಂದು ಬೆಳಿಗ್ಗೆ ಆಕೆ ಬಂದು ಎರಡು ಹೊಸ ಇಸ್ತ್ರಿಪೆಟ್ಟಿಗೆ ಕೊಂಡರು, ಬೆಲೆ ಚೌಕಾಸಿ ಮಾಡಿಯೇ. ಮಧ್ಯಾಹ್ನ ಕಿಟಕಿಯಲ್ಲಿ ಒಂದು ರಟ್ಟು ಕಾಣಿಸಿತು: ಅಂಗಿಗೆ ಮೂರು ಪೆನ್ಸ್, ಕಾಯುವವರು ಒಳಗೆ ಕೂರಬಹುದು. ಬೇರೆ ವಿಧವೆಯರ ಮನೆಗಳಲ್ಲಿದ್ದ ವಿದ್ಯಾರ್ಥಿಗಳು ಅದನ್ನು ಓದಿದರು. ಅಂಗಿ ಎಲ್ಲಿ ಒತ್ತಿಸಬೇಕು, ಕಾಯುವಾಗ ಏನು ಮಾತಾಡಬೇಕು ಎಂಬುದಕ್ಕೆ ಕಾಲೇಜಿನಲ್ಲಿ ನಿಯಮವಿರಲಿಲ್ಲ. ಮೊದಲು ನಾಲ್ಕು ಜನ ಬರುತ್ತಿದ್ದ ಕಡೆ ಈಗ ಶುಕ್ರವಾರ ಹದಿನಾರು ಜನ, ಮೆಟ್ಟಿಲ ಮೇಲೆಲ್ಲ ಕೂತು ಸರದಿ ಕಾಯುತ್ತಿದ್ದರು. ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ನಿಂತ ನನಗೆ ಈ ವ್ಯಾಪಾರ ಹೊಳೆದಿರಲಿಲ್ಲ.

ಆಕೆ ಇನ್ನೂ ಒಂಬತ್ತು ವರ್ಷ ಇಸ್ತ್ರಿ ಒತ್ತಿದರು. ಆ ಒಂಬತ್ತು ವರ್ಷದಲ್ಲಿ ಮತ್ತೆ ಐವರು ಕಾಲೇಜು ಬಿಟ್ಟರು. ಆಕೆಯ ಹಳೆಯ ಹುಡುಗರಲ್ಲಿ ಇನ್ನಿಬ್ಬರ ಹೆಸರು ಹಲಗೆ ಸೇರಿತು. ಹೋದ ಮಾರ್ಚಿನಲ್ಲಿ ಆಕೆ ತೀರಿಕೊಂಡಾಗ ಡಾಕ್ಟರ್ ರಾಸರ್ ಪ್ರಸಂಗ ಮಾಡಿದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ.

ನನ್ನ ಕಸುಬು ಮಿಸೆಸ್ ಬೆನನ್ ತೋರಿಸಿಕೊಟ್ಟದ್ದು. ಅದನ್ನು ಆಕೆ ಬದುಕಿದ್ದಾಗ ನಾನು ಬಾಯಿಬಿಟ್ಟು ಒಪ್ಪಿಕೊಂಡದ್ದು ಒಂದೇ ಸಲ, ಅದೂ ಮೂವತ್ತೊಂದು ವರ್ಷ ತಡವಾಗಿ.